ತಂಗಿ ಹಲ್ಲಿನ ತಂತಿ

ತಂಗಿ ಹಲ್ಲಿಗೆ ತಂತಿ ಹಾಕಿಸಿಕೊಂಡು ಬಂದ ದಿವಸ ನಾ ಊಟ ಮಾಡಲಿಲ್ಲ. ಹಸಿವಿಲ್ಲ ಅಂದೆ. ಸುಳ್ಳು. ಹೊಟ್ಟಿ ತುಂಬ ಕಿಚ್ಚಿತ್ತು, ರೊಟ್ಟಿಗೆ ಜಾಗಾ ಎಲ್ಲಿಂದ ಬರಬೇಕು?

ಎಂಬತ್ತರ ದಶಕದ ಕಡೀ ವರ್ಷಗಳು ಅವು. ಸಂಶಿ ಹತ್ರ ಒಂದು ಸಣ್ಣ ಹಳ್ಳಿ ನಮ್ಮದು. ತಂಗಿ ಸಂಶಿ ಹೈಸ್ಕೂಲಿಗೆ ಹೋಗತಿದ್ಲು. ಆಕಿಗಿಂತ ಎರಡು ವರ್ಷ ದೊಡ್ಡಾಕಿ ನಾನು, ನನ್ನ ಏಳನೇತ್ತಕ್ಕ ಸಾಲಿ ಬಿಡಿಸಿದ್ರು. ಒಂದಿನ ಧಾರವಾಡದಿಂದ ಹಲ್ಲಿನ ಡಾಕ್ಟರು ಸಾಲಿಗೆ ಬಂದು ಹುಡುಗರ ಬಾಯಿ ನೋಡಿ, ಅಪ್ಪನ್ನ ಕರ್ಕೊಂಡು ದವಾಖಾನಿಗೆ ಬಾ ಅಂತ ತಂಗಿಗೆ ಹೇಳಿದ್ರು. ಆಕಿ ಮ್ಯಾಲಿನ ಹಲ್ಲು ಮುಂದ ಚಾಚಿದ್ವು, ತುಟಿ ಕೂಡತಿದ್ದಿಲ್ಲ. ನನ್ನವು ಉಲ್ಟಾ. ಬಾಯಿ ಮುಚ್ಚಿದ್ರ ಕೆಳಗಿನ ಸಾಲು ಮ್ಯಾಲಿನ ಸಾಲಿನ ಮುಂದ ಬಂದು ನಿಲ್ಲತಿತ್ತು. ರೊಟ್ಟಿ ಕಡೀಬೇಕಂದ್ರ ದವಡಿ ಹಲ್ಲೇ ಬೇಕು. ಗದ್ದ ಮುಂದ ಬಂದು, ಸುಮ್ನ ಕುಂತ್ರೂ ಸಿಟ್ಟಿನಾಕಿ ಹಂಗ ಕಾಣತಿದ್ದೆ. ಸಿಟ್ಟಿನಾಕೀನೂ ಹೌದನ್ರಿ, ಅದು ಬ್ಯಾರೆ ಮಾತು.

"ನಾಳೆ ಆಕಿನ್ನ ನೋಡಾಕ ಮಂದಿ ಬರ್ತಾರ, ಹಲ್ಲು ನೆಟ್ಟಗ ಇರ್ಲಿ," ಅಂದ ಅಪ್ಪ.

"ಮತ್ತ ನನಗ?" ಅಂದೆ.

ಅವ್ವ ನಕ್ಲು. "ನೀ ಯರಗುಪ್ಪಿ ಸೊಸಿ. ನಿನ್ನ ಯಾರ ನೋಡಬೇಕಾಗೇತಿ, ಹುಚ್ಚಿ?"

ಯರಗುಪ್ಪಿ ಅವ್ವನ ತವರು. ನಾ ತೊಟ್ಟಿಲದಾಗ ಇದ್ದಾಗ್ಲೇ ಸ್ವಾದರಮಾವನ, ಅಂದ್ರ ಅವ್ವನ ತಮ್ಮನ, ಮಗಗ ನನ್ನ ಕೊಡೂದಂತ ಮಾತಾಗಿತ್ತು. ಮಾತಾದ ಹುಡುಗಿಗೆ ಸಾಲಿ ಯಾಕ, ಹಲ್ಲು ಯಾಕ?

ತಂತಿ ಹಾಕಿದ ಮ್ಯಾಲ ತಂಗಿದು ಅಗದಿ ರಾಣಿ ದರ್ಬಾರು. ಬಿರಸು ತಿನ್ನಬಾರದಂತ. ನಮ್ಮ ಮನ್ಯಾಗ ಅನ್ನ ಅಂದ್ರ ಹಬ್ಬಕ್ಕ, ಇಲ್ಲಂದ್ರ ಜ್ವರ ಬಂದಾಗ. ಆಕಿಗೆ ದಿನಾ ಮೆತ್ತನ್ನ ಅನ್ನ, ಹಾಲು, ಮ್ಯಾಲ ತುಪ್ಪ. ಆ ಅನ್ನ ಕುದಿಸಾಕಿ ನಾನು, ಉಳಿದವರಿಗೆ ರೊಟ್ಟಿ ಬಡಿಯಾಕೀನೂ ನಾನು. ನಾನರ ಸುಮ್ನ ಇರ್ತೀನೇನು? ಆಕಿ ಕಿವಿ ಬಾಜು ಕುಂತು ಕಟುಂ ಕಟುಂ ಅಂತ ಹುರದ ಕಡ್ಲಿ ತಿನ್ನತಿದ್ದೆ. ತಂತಿ ಬಿಗಿ ಮಾಡಿಸಿಕೊಂಡು ಬಂದಾಗೊಮ್ಮೆ ಆಕಿ ದವಡಿ ಹಿಡಕೊಂಡು ಅಳತಿದ್ಲು, ಅವ್ವ ತೊಡಿ ಮ್ಯಾಲ ಮಲಗಿಸಿಕೊಂಡು ತಲಿ ಸವರತಿದ್ಲು. ಆ ಬ್ಯಾನೀನೂ ನನಗ ಬೇಕಾಗಿತ್ತು.

ತಿಂಗಳಿಗೊಮ್ಮೆ ಧಾರವಾಡಕ್ಕ ಹೋಗೂ ಮುಂದ ತಂಗಿಗೆ ಜೋಡಿ ಇರ್ಲಿ ಅಂತ ಅಪ್ಪ ನನ್ನೂ ಕರ್ಕೊಂಡು ಹೋಗತಿದ್ದ. ಒಮ್ಮೆ ಡಾಕ್ಟರು ನನ್ನ ಮಾರಿ ನೋಡಿ ಖುರ್ಚಿ ಮ್ಯಾಲ ಕುಂಡ್ರಿಸಿದ್ರು. ಬಾಯಿ ತಗಿ ಅಂದ್ರು, ಕಡಿ ಅಂದ್ರು.

"ಯಜಮಾನ್ರ, ಸಣ್ಣಾಕಿಗಿಂತ ಈಕೀದ ಜಾಸ್ತಿ ಐತ್ರಿ. ತಡಾ ಮಾಡಬ್ಯಾಡ್ರಿ," ಅಂದ್ರು.

ನಾ ಬಾಯಿ ಮುಚ್ಚದ ಅಪ್ಪನ ಕಡೆ ನೋಡಿದೆ. ಅಪ್ಪ ಕೈಯಾಗಿನ ಟೊಪಗಿ ತಿರುವಕೋತ ನಿಂತ.

"ಈಕೀದ ಬ್ಯಾಡ್ರಿ ಸಾಹೇಬ್ರ. ಈಕಿನ್ನ ಮಾವನ ಮಗಗ ಕೊಡೂದೈತ್ರಿ."

ಅದಕ್ಕೂ ಹಲ್ಲಿಗೂ ಏನು ಸಂಬಂಧ ಅಂತ ಡಾಕ್ಟರಿಗೆ ತಿಳೀಲಿಲ್ಲ. ಖುರ್ಚಿ ಬಿಟ್ಟು ಇಳಿಯಾಕ ನನಗ ಮನಸಾಗಲಿಲ್ಲ. ತಂಗಿ ಬಂದು, "ಏಳಕ್ಕಾ, ನನ್ನ ಪಾಳಿ," ಅಂದ್ಲು.

ಎರಡು ವರ್ಷಕ್ಕ ತಂತಿ ತಗದ್ರು. ಆ ಸಲ ಪಂಚಮಿಗೆ ಯರಗುಪ್ಪಿಯಿಂದ ಮಾವ, ಅತ್ತಿ, ಅವರ ಮಗ ಉಂಡಿ ತಗೊಂಡು ಬಂದ್ರು. ತಂಗಿ ಎಲ್ಲಾರ ಮುಂದ ಶೇಂಗಾದ ಉಂಡಿನ್ನ ಮುಂದಿನ ಹಲ್ಲಿಲೇ ಕಡದ್ಲು. ಅಂವ ಆಕಿನ್ನೇ ನೋಡಕೋತ ಕುಂತ. ನಾನೂ ಆಕಿನ್ನೇ ನೋಡಿದೆ.

ಹೋಗೂ ಮುಂದ ಅತ್ತಿ ಅಡಗಿ ಮನ್ಯಾಗ ಅವ್ವಗ ಹೇಳಿದ್ಲು. "ಹುಡುಗ ಸಣ್ಣಾಕಿನ್ನ ಮಾಡ್ಕೋತೀನಿ ಅನ್ನಾಕತ್ತಾನ್ರಿ ಅಕ್ಕಾರ. ಯಾರಾದ್ರೂ ನಿಮ್ಮ ಮಕ್ಕಳೇ ಅಲ್ಲೇನ್ರಿ."

ಅವ್ವ ಅತ್ಲು. ಅಪ್ಪ ನನ್ನ ಮಾರಿ ನೋಡಲಿಲ್ಲ. ನಾ ಅಳಲಿಲ್ಲ, ಸೀದಾ ಅಪ್ಪನ ಮುಂದ ಹೋಗಿ ನಿಂತೆ. "ಹಂಗಾದ್ರ ನನಗೂ ತಂತಿ ಹಾಕಸು," ಅಂದೆ.

"ಆಕಿ ಮದಿವಿ ಮುಗೀಲಿ, ನೋಡೂಣು," ಅಂದ. ಅಪ್ಪ ನೋಡೂಣು ಅಂದ್ರ ಆಗೂದಿಲ್ಲ ಅಂತ ಮನಿಮಂದಿಗೆಲ್ಲಾ ಗೊತ್ತಿತ್ತು.

ಸಂಜಿಮುಂದ ಹಿತ್ತಲದಾಗ ಭಾಂಡೆ ತಿಕ್ಕಾಕ ಕುಂತಿದ್ದೆ. ತಂಗಿ ಬಂದು ಬಾಜು ನಿಂತ್ಲು.

"ಅಕ್ಕಾ, ನೀ ಹೇಳಿದ್ರ ನಾ ಒಲ್ಲೆ ಅಂತೀನಿ."

ಆಕಿ ಮಾರಿ ನೋಡಿದೆ. ಒಲ್ಲೆ ಅನ್ನೂದು ಅಲ್ಲೆಲ್ಲೂ ಇದ್ದಿಲ್ಲ. "ಹೂಂ ಅನ್ನು," ಅಂದೆ. "ಅಂವ ನನಗ ಯಾವತ್ತೂ ಬೇಕಾಗಿದ್ದಿಲ್ಲ." ಅದು ಖರೇನ ಇತ್ತು.

ಆಕಿಗೆ ಹೋದ ಜೀವ ಬಂದಂಗಾತು. ನಕ್ಲು. ಒಂದರ ಬಾಜು ಒಂದು ನೆಟ್ಟಗ ನಿಂತ ಹಲ್ಲು, ಎಲ್ಲಾ ಕಂಡ್ವು. ಮಾವನ ಮಗನ್ನ ಬಿಟ್ಟು ಕೊಟ್ಟಾಗ ಆಗದ ಸಂಕಟ ನನಗ ಆವಾಗ ಆತು.

"ಬಾಯಿ ಮುಚ್ಚಿ ಒಳಗ ನಡಿ," ಅಂದೆ.