ಬರ್ತೀನಿ ಅಂದವರು

ನಮ್ಮ ಅತ್ತಿಗೆಯ ದನಿ ಕೇಳುತ್ತಾ ನಿಂತು ರೈಲು ತಪ್ಪಿಸಿಕೊಂಡವರಿದ್ದಾರೆ. ಮನೆಯವರೆಂದು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ, ಹಾಗೆ ತಪ್ಪಿಸಿಕೊಂಡವರಲ್ಲಿ ನಾನೂ ಒಬ್ಬಳು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ನಿಲ್ದಾಣದ ಮೈಕಿನಲ್ಲಿ ಹೇಳುವುದು ಅವರ ಕೆಲಸವಾಗಿತ್ತು. ಗಾಡಿ ತಡವಾಗಿದೆ ಎಂಬುದನ್ನು ಅವರು ಹೇಳಿದರೆ ಅದೂ ಒಳ್ಳೆಯ ಸುದ್ದಿಯಂತೆಯೇ ಕೇಳುತ್ತಿತ್ತು. ಊರಿಗೆಲ್ಲ ಅವರು ‘ಪ್ಲಾಟ್‌ಫಾರ್ಮ್ ಅಕ್ಕ’. ನಮ್ಮಣ್ಣ ಮರುಳಾದದ್ದೂ ಆ ದನಿಗೇ, ಮುಖ ನೋಡಿದ್ದು ಆಮೇಲೆ. “ಅದಕ್ಕೇ ಮೋಸ ಹೋದೆ” ಎಂದು ಅವನು ಈಗಲೂ ಹೇಳುತ್ತಾನೆ, ಅತ್ತಿಗೆ ಅಡುಗೆಮನೆಯಲ್ಲಿದ್ದಾರೆ ಎಂದು ಖಾತ್ರಿ ಮಾಡಿಕೊಂಡು.

ನಿಲ್ದಾಣದವರು ಒಂದು ದಿನ ಯಂತ್ರ ತಂದರು. ಊರಿನ ಹೆಸರು ಒಂದು ಕಡೆ, ಹೊತ್ತು ಇನ್ನೊಂದು ಕಡೆ, ಎಲ್ಲವನ್ನೂ ಅಂಟಿಸಿ ಅದು ತಾನೇ ಮಾತಾಡುತ್ತಿತ್ತು. ಅತ್ತಿಗೆಗೆ ಒಂದು ಹಾರ ಹಾಕಿ ಮನೆಗೆ ಕಳಿಸಿದರು. ಕೊನೆಯ ದಿನ ಕೊನೆಯ ಗಾಡಿಯ ಸುದ್ದಿ ಹೇಳಿದ ಮೇಲೆ, ದಿನಾ ಜೊತೆಯವರಿಗೆ ಹೇಳುವಂತೆಯೇ, ಮೈಕು ಆರಿಸಲು ಮರೆತು “ಬರ್ತೀನಿ” ಎಂದುಬಿಟ್ಟರಂತೆ. ಅದು ನಿಲ್ದಾಣಕ್ಕೆಲ್ಲ ಕೇಳಿಸಿತಂತೆ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, “ಎಲ್ಲಿಗೆ ಬರ್ತೀನಿ ಕಣೆ? ರೂಮಿಗೆ ಬೀಗ ಹಾಕ್ಬಿಟ್ರಲ್ಲ” ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗಂತೂ ಆ ಯಂತ್ರದ ಮೇಲೆ ಇವತ್ತಿಗೂ ಸಿಟ್ಟಿದೆ. ಎಲ್ಲೋ ಕೆಟ್ಟು ನಿಂತ ಗಾಡಿಯನ್ನೂ ಅದು “ಇದೀಗ ಬರುತ್ತಿದೆ” ಎನ್ನುತ್ತದೆ. ಜನ ಗಂಟುಮೂಟೆ ಎತ್ತಿಕೊಂಡು, ಮಲಗಿದ ಮಕ್ಕಳನ್ನು ಎಬ್ಬಿಸಿಕೊಂಡು, ಖಾಲಿ ಹಳಿ ನೋಡುತ್ತಾ ನಿಲ್ಲುತ್ತಾರೆ.

ಅತ್ತಿಗೆ ಮನೆಯಲ್ಲಿ ಕೂತು ನಮ್ಮ ತಲೆ ತಿನ್ನಲು ಶುರುಮಾಡುವ ಹೊತ್ತಿಗೆ ದೇವರು ಕಣ್ಣು ಬಿಟ್ಟ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಗೆ ಹಾಡಿನ ಆ್ಯಪಿನವರ ಆಫೀಸು ಬಂತು. ಅಲ್ಲಿಯ ಮ್ಯಾನೇಜರ್ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗಿ ಬಂದವನು. ಕೆಲಸ ಕೇಳಲು ಹೋದ ಅತ್ತಿಗೆ “ನಮಸ್ಕಾರ” ಎಂದದ್ದೇ ತಡ, ಅವನು ಕುರ್ಚಿಯಿಂದ ಎದ್ದು, “ಅಕ್ಕಾ, ನೀವಾ!” ಎಂದನಂತೆ. ಮೊಬೈಲಿನಲ್ಲಿ ಹಾಡು ಕೇಳಲು ತಿಂಗಳ ಚಂದಾ ಕಟ್ಟಿದವರು ಬಿಟ್ಟು ಹೋಗುತ್ತೇವೆ ಎಂದು ಫೋನು ಮಾಡುತ್ತಾರಲ್ಲ, ಅವರ ಜೊತೆ ಮಾತಾಡಿ ಉಳಿಸಿಕೊಳ್ಳುವುದು ಅತ್ತಿಗೆಯ ಕೆಲಸ. ಬಿಡುವ ಬಟನ್ನು ಆ್ಯಪಿನಲ್ಲಿ ಎಲ್ಲಿದೆ ಎಂದು ಮಾಡಿದವರಿಗೂ ಗೊತ್ತಿಲ್ಲವಾದ್ದರಿಂದ ಫೋನಿಗೆ ಬರವಿರಲಿಲ್ಲ. “ಈಗ್ಲೂ ಪ್ಲಾಟ್‌ಫಾರ್ಮಲ್ಲೇ ಕೆಲಸ ಅಂತೆ ಕಣೆ. ಆ್ಯಪಿಗೂ ಇವರು ಹಾಗೇ ಅಂತಾರೆ” ಎಂದು ಅತ್ತಿಗೆ ನಕ್ಕರು.

ಇನ್ನೊಂದು ಕಂಪನಿಯ ಆ್ಯಪೂ ಇತ್ತು. ಅದರ ಹೆಸರನ್ನು ಆಫೀಸಿನಲ್ಲಿ ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ, ‘ಎದುರುಮನೆ’ ಅನ್ನುತ್ತಿದ್ದರು. ಎದುರುಮನೆಯವರು ಎರಡು ತಿಂಗಳು ಪುಕ್ಕಟೆ ಎಂದರೆ ಇವರು ಮೂರು ಎನ್ನುವುದು, ಇವರು ಗಂಡಹೆಂಡತಿಗೆ ಒಂದೇ ಚಂದಾ ಎಂದರೆ ಅವರು ಅತ್ತೆಮಾವನನ್ನೂ ಸೇರಿಸಿಕೊಳ್ಳುವುದು, ಹೀಗೆ ಜಿದ್ದಾಜಿದ್ದಿ. ಜನ ಏನು ದಡ್ಡರೇ? ಪುಕ್ಕಟೆ ಇರುವಷ್ಟು ದಿನ ಅಲ್ಲಿ ಕೂತು, ಮುಗಿದ ಕೂಡಲೇ ಇಲ್ಲಿಗೆ ಬರುತ್ತಿದ್ದರು. ಆಫೀಸಿನ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಚಂದಾದಾರರು ಹೆಚ್ಚಿದರೆ ಹಸಿರು, ಕಡಿಮೆಯಾದರೆ ಕೆಂಪು. ಆ ಪರದೆ ನೋಡದೆ ಮ್ಯಾನೇಜರನ ಗಂಟಲಲ್ಲಿ ಚಹಾ ಇಳಿಯುತ್ತಿರಲಿಲ್ಲ.

ಕೆಂಪೇ ಹೆಚ್ಚಾಗುತ್ತಾ ಹೋಯಿತು. ಈ ಸಲವೂ ಏರದಿದ್ದರೆ ಕನ್ನಡದಲ್ಲಿ ಮಾತಾಡುವ ವಿಭಾಗವನ್ನು ಮುಚ್ಚಿ ಯಂತ್ರದ ಕೈಗೆ ಕೊಡುತ್ತೇವೆ ಎಂದು ಕಂಪನಿಯ ಮೇಲಿನವರು ಹೇಳಿದರು. ಮೊದಲ ಹೆಜ್ಜೆಯಾಗಿ ಫೋನಿನ ಮಾತನ್ನು ಕದ್ದು ಕೇಳುವ ಒಂದು ಯಂತ್ರವನ್ನು ಕೂರಿಸಿಯೂ ಬಿಟ್ಟರು. ಫೋನು ಮಾಡಿದವರು ಉಳಿದರೋ ಬಿಟ್ಟರೋ ಎಂದು ಅದೇ ಕೇಳಿ, ಅದೇ ತೀರ್ಮಾನಿಸಿ, ಅದೇ ಪರದೆಗೆ ಹಾಕಬೇಕು. ಅತ್ತಿಗೆ ಆ ಸಂಜೆ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕೂತರು. ಅವರು ಮೇಲಿನ ಮನೆ, ನಾನು ಕೆಳಗಿನ ಮನೆ. ಮುಂದಿನ ಕೋಣೆಯೇ ನನ್ನ ಟೈಲರ್ ಅಂಗಡಿ.

“ಇನ್ನೊಂದ್ಸಲ ಯಂತ್ರಕ್ಕೆ ಕುರ್ಚಿ ಬಿಟ್ಕೊಡೋದು ನನ್ ಕೈಲಾಗಲ್ಲ ಕಣೆ,” ಅಂದರು. “ಆ ಸಲ ತಡ್ಕೊಂಡೆ. ಈ ಸಲ ನಿಜವಾಗ್ಲೂ ಆಗಲ್ಲ.”

ಇಷ್ಟು ಕೇಳಿದ ಮೇಲೂ ನಾನು ಏನು ಮಾಡಿದೆ ಗೊತ್ತೇ? ಅದೇ ವಾರ ಅವರ ಆ್ಯಪನ್ನು ಬಿಟ್ಟೆ. ಬಿಟ್ಟೆ, ಏನೀಗ? ಮೊಮ್ಮಗಳನ್ನು ಮಲಗಿಸಲು ಒಂದೇ ಒಂದು ಸಲ ಜೋಗುಳ ಹಾಕಿದ್ದೆ. ಅಷ್ಟಕ್ಕೇ ಆ ಆ್ಯಪು ನನ್ನನ್ನು ತೊಟ್ಟಿಲ ಕೂಸು ಎಂದು ತಿಳಿದುಕೊಂಡಿತು. ಬೆಳಗಾದರೆ ಜೋಗುಳ, ಹೊಲಿಯಲು ಕೂತರೆ ಜೋಗುಳ. ಒಬ್ಬರ ರವಿಕೆಗೆ ತೋಳು ಕೂರಿಸುತ್ತಾ ತೂಕಡಿಸಿ ಎರಡೂ ಎಡಗೈ ಮಾಡಿಟ್ಟೆ. ಅವರಿಂದ ಬೈಸಿಕೊಂಡ ಮೇಲೆ ಅತ್ತಿಗೆಯಾದರೇನು, ಯಾರಾದರೇನು? ಫೋನು ಎತ್ತಿದೆ.

ಅಷ್ಟು ಜನ ಹೆಂಗಸರಿದ್ದಾರೆ ಅಲ್ಲಿ, ಫೋನು ಸಿಕ್ಕಿದ್ದು ಅತ್ತಿಗೆಗೇ.

“ನಮಸ್ಕಾರ. ಹೇಳಿ ಮೇಡಂ, ಯಾಕೆ ಬಿಡ್ತಾ ಇದೀರಾ?” ದನಿಯಲ್ಲಿ ಜೇನು. ಅವರಿಗೆ ನನ್ನ ಗುರುತು ಸಿಕ್ಕಿತ್ತು, ಆದರೆ ಯಂತ್ರ ಕೇಳುತ್ತಿದೆಯಲ್ಲ!

“ಬರೀ ಜೋಗುಳ ಹಾಕುತ್ತೆ ಮೇಡಂ,” ಎಂದೆ ನಾನೂ ಬಿಗುವಾಗಿ. “ಎದುರುಮನೆಯವರು ಪುಕ್ಕಟೆ ಕೊಡ್ತಾ ಇದಾರೆ.”

“ಸರಿಮಾಡ್ಕೊಡ್ತೀವಿ ಮೇಡಂ, ಸ್ವಲ್ಪ ದಿನ ನೋಡಿ. ಮನೆಯವರ ಹತ್ರ ಒಂದು ಮಾತು ಕೇಳಿದ್ರೆ ಒಳ್ಳೇದಿತ್ತು.”

“ಮನೆಯವರನ್ನೆಲ್ಲಾ ಕೇಳ್ಕೊಂಡು ನಾನು ಹಾಡು ಕೇಳಲ್ಲ ಮೇಡಂ. ತೆಗೆದುಬಿಡಿ. ಆಯ್ತು, ಬರ್ತೀನಿ.”

ಫೋನು ಇಟ್ಟೆ. ಆ ಸಂಜೆ ಅತ್ತಿಗೆ ಮುಖ ಊದಿಸಿಕೊಂಡು ನನ್ನ ಬಾಗಿಲ ಮುಂದೆಯೇ ಮೇಲೆ ಹತ್ತಿ ಹೋದರು. ನಾನೂ ಹೊಲಿಗೆಯಿಂದ ತಲೆ ಎತ್ತಲಿಲ್ಲ.

ಆಮೇಲೆ ಶುರುವಾಯಿತು ನೋಡಿ ವಿಚಿತ್ರ. ಆಫೀಸಿನ ಪರದೆ ಹಸಿರಾಯಿತು. ಎಲ್ಲ ಭಾಷೆಗಳಲ್ಲಿ ಚಂದಾದಾರರು ಇಳಿಯುತ್ತಿದ್ದರೆ ಕನ್ನಡದಲ್ಲಿ ಮಾತ್ರ ಏರಿದ್ದೇ ಏರಿದ್ದು. ಬಿಡುತ್ತೇವೆ ಎಂದು ಫೋನು ಮಾಡಿದವರೆಲ್ಲ ಉಳಿಯುತ್ತಿದ್ದಾರಂತೆ! ಎಲ್ಲರಿಗಿಂತ ಹೆಚ್ಚು ಜನರನ್ನು ಉಳಿಸಿಕೊಂಡದ್ದು ಅತ್ತಿಗೆಯಂತೆ. ಬೇಡ ಅಂದವರೂ ಫೋನಿಟ್ಟ ಮೇಲೆ ಮನಸ್ಸು ಬದಲಿಸಿರಬೇಕು ಎಂದುಕೊಂಡರು ಎಲ್ಲರೂ. ಮೇಲಿನವರು ಫೋನು ಮಾಡಿ ಹೊಗಳಿದರು. ಆಫೀಸಿನಲ್ಲಿ ಕೇಕು ಕತ್ತರಿಸಿದರು. ಅತ್ತಿಗೆಯ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. ನನ್ನ ಮೇಲಿನ ಸಿಟ್ಟನ್ನೂ ಮರೆತು, ಕೇಕಿನ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು.

“ವಿಭಾಗ ಉಳೀತು ಕಣೆ! ನಾಳಿದ್ದು ಮೇಲಿನವರು ಬಂದು ಎಲ್ಲರ ಮುಂದೆ ಹೇಳ್ತಾರಂತೆ.”

ನಾನು ಕೇಕು ಬಾಯಿಗಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಮೊಬೈಲು ಟಿಣ್ ಎಂದಿತು. ‘ನಮ್ಮೊಂದಿಗೆ ಉಳಿದುಕೊಂಡದ್ದಕ್ಕೆ ಧನ್ಯವಾದಗಳು! ನಿಮಗಾಗಿ ಇಂದಿನ ಹಾಡುಗಳು’ ಎಂಬ ಸಂದೇಶ. ಕೆಳಗೆ ತೊಟ್ಟಿಲ ಚಿತ್ರ.

“ಇದೇನಿದು ಅತ್ತಿಗೆ? ನಾನೆಲ್ಲಿ ಉಳಿದೆ? ಬಿಟ್ಟು ಎಷ್ಟು ದಿನ ಆಯ್ತು!”

ಅತ್ತಿಗೆ ಮೊಬೈಲು ಕಿತ್ತುಕೊಂಡು ಓದಿದರು. ಹುಬ್ಬು ಗಂಟಾಯಿತು. “ನೀನು ಕೊನೆಗೆ ಏನಂದೆ ಆವತ್ತು?”

“ಏನಂದೆ? ತೆಗೆದುಬಿಡಿ ಅಂದೆ. ಆಮೇಲೆ ಆಯ್ತು, ಬರ್ತೀನಿ ಅಂದೆ.”

ಅತ್ತಿಗೆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಕ್ಕರಿಸಿದರು. ಹೊರಡುವಾಗ ‘ಹೋಗ್ತೀನಿ’ ಎಂದು ನಮ್ಮಲ್ಲಿ ಯಾರ ಬಾಯಲ್ಲಾದರೂ ಬರುತ್ತದೆಯೇ? ಎಷ್ಟೇ ಸಿಟ್ಟಿದ್ದರೂ, ಜನ್ಮದಲ್ಲಿ ಇನ್ನು ಇವರ ಮುಖ ನೋಡಬಾರದು ಎಂದು ಶಪಥ ಮಾಡಿದ್ದರೂ, ಬಾಗಿಲಲ್ಲಿ ನಿಂತು “ಬರ್ತೀನಿ” ಅಂದೇ ಹೋಗುತ್ತೇವೆ. ಆ ಪಾಪದ ಯಂತ್ರ ಅದನ್ನು ನಂಬಿಬಿಟ್ಟಿತ್ತು. ಬರುತ್ತೇನೆ ಅಂದರಲ್ಲ, ಹಾಗಾದರೆ ಇವರು ನಮ್ಮವರೇ ಎಂದು ಎಲ್ಲರನ್ನೂ ಹಸಿರಿಗೆ ಸೇರಿಸಿಕೊಂಡಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೇಕು ನೆತ್ತಿಗೇರಿತು. ಅತ್ತಿಗೆಗೂ ನಗು ತಡೆಯಲಾಗಲಿಲ್ಲ. ನಗುತ್ತಾ ನನ್ನ ಬೆನ್ನು ತಟ್ಟುತ್ತಿದ್ದ ಕೈ ಮಾತ್ರ ಇದ್ದಕ್ಕಿದ್ದಂತೆ ನಿಂತುಹೋಯಿತು.

“ಹಾಗಾದ್ರೆ ಯಾರೂ ಉಳಿದಿಲ್ಲ,” ಅಂದರು.

ನನ್ನ ನಗುವೂ ನಿಂತಿತು. “ಸುಮ್ನಿದ್ಬಿಡಿ ಅತ್ತಿಗೆ,” ಅಂದೆ. “ಯಂತ್ರ ಮಾಡಿದ ತಪ್ಪು, ನೀವ್ಯಾಕೆ ಬಾಯಿ ಬಿಡಬೇಕು? ಆ ಸಲ ನಿಮ್ಮ ಕುರ್ಚಿ ಕಿತ್ಕೊಂಡಿದ್ದು ಯಂತ್ರನೇ ಅಲ್ವಾ? ಈಗ ಅದೇ ಉಳಿಸಿಕೊಡ್ಲಿ, ತೀರಿಹೋಯ್ತು!” ಮನಸ್ಸಾರೆ ಹೇಳಿದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಅತ್ತಿಗೆ ಮಾತ್ರ ಮಾರನೆಯ ದಿನ ಬೆಳಿಗ್ಗೆ ನನ್ನ ಮೊಬೈಲು ಕೇಳಿ ತೆಗೆದುಕೊಂಡು ಹೋದರು.

ಆಫೀಸಿನಲ್ಲಿ ನಡೆದದ್ದನ್ನು ಅವರೇ ನನಗೆ ಎರಡೂ ದನಿಯಲ್ಲಿ ಆಡಿ ತೋರಿಸಿದ್ದಾರೆ. ತೊಟ್ಟಿಲ ಚಿತ್ರ ನೋಡಿ, ಮಾತು ಕೇಳಿ ಮ್ಯಾನೇಜರ್ ಎದ್ದು ಬಾಗಿಲು ಹಾಕಿ ಬಂದ.

“ಅಕ್ಕಾ, ದಯವಿಟ್ಟು. ನಾಳೆ ಒಂದಿನ ಕಳೀಲಿ. ವಿಭಾಗ ಉಳೀತು ಅಂತ ಅವರು ಹೇಳಿಬಿಡ್ಲಿ, ಆಮೇಲೆ ನಿಧಾನಕ್ಕೆ ಸರಿಮಾಡ್ಕೊಳೋಣ. ನಿಮಗೂ ಒಳ್ಳೇದು, ನನಗೂ ಒಳ್ಳೇದು.”

“ನಿಲ್ದಾಣದಲ್ಲಿ ಆ ಯಂತ್ರ ಹೇಳೋದು ಕೇಳಿದೀಯಲ್ಲಪ್ಪಾ ನೀನು,” ಅಂದರಂತೆ ಅತ್ತಿಗೆ. “ಬಾರದೇ ಇರೋ ಗಾಡೀನ ಬರ್ತಾ ಇದೆ ಅಂತ ಹೇಳೋಕೆ ಅದೊಂದೇ ಸಾಕು. ಅದಕ್ಕೆ ನಾನ್ಯಾಕೆ ಬೇಕು?”

ಅವನು ತಲೆ ಕೆರೆದುಕೊಂಡ. ಪಾಪ, ಕೆಟ್ಟವನಲ್ಲ. “ಹಾಗಾದ್ರೆ ಏನ್ ಮಾಡೋಣ ಹೇಳಿ” ಎಂದ.

“ಬರ್ತೀನಿ ಅಂದವರನ್ನೇ ಕೇಳೋಣ. ಅವರು ಅಂದಿದ್ದೇನೋ ನಿಜ ತಾನೆ?”

ಮೇಲಿನವರ ಭೇಟಿಯನ್ನು ಅವನು ಏನೋ ನೆಪ ಹೇಳಿ ಒಂದು ವಾರ ಮುಂದಕ್ಕೆ ಹಾಕಿಸಿದ. ಪರದೆಯನ್ನು ಆರಿಸಿಬಿಟ್ಟ. ಅತ್ತಿಗೆ ಹೆಡ್‌ಫೋನು ಏರಿಸಿಕೊಂಡು ಕೂತರು. ಉಳಿದ ಹೆಂಗಸರೂ ಕೂತರು. ಎಲ್ಲರದೂ ಒಂದೇ ಮಾತು: “ಹೋಗುವಾಗ ಬರ್ತೀನಿ ಅಂದಿದ್ರಿ. ಕಾಯ್ತಾ ಇದ್ವಿ. ಬರ್ಲೇ ಇಲ್ವಲ್ಲ?”

ನಮ್ಮ ಜನಕ್ಕೆ ಇದಕ್ಕಿಂತ ಸಂಕೋಚದ ಪ್ರಶ್ನೆ ಇನ್ನೊಂದಿಲ್ಲ. ಒಬ್ಬ ಮೇಷ್ಟ್ರು, “ಹೌದಲ್ಲಮ್ಮಾ, ಅಂದಿದ್ದೆ, ಅಂದಿದ್ದೆ” ಎಂದು ತೊದಲಿ ಅಲ್ಲೇ ಮತ್ತೆ ಸೇರಿಕೊಂಡರಂತೆ. ಒಬ್ಬ ಲಾರಿ ಡ್ರೈವರ್, “ಏನಕ್ಕಾ, ಮಾತಿಗೆ ಅಂದಿದ್ದನ್ನ ಹಿಡ್ಕೊಂಡು ಕೂತ್ಕೊಂಡ್ರಲ್ಲ!” ಎಂದು ಗಹಗಹಿಸಿ ನಕ್ಕು, ಅತ್ತಿಗೆಯ ದನಿ ಗುರುತಿಸಿ, “ನೀವು ಪ್ಲಾಟ್‌ಫಾರ್ಮ್ ಅಕ್ಕ ಅಲ್ವಾ?” ಎಂದು ತನ್ನ ಜೊತೆಯವರನ್ನೂ ಸೇರಿಸಿದನಂತೆ. ಒಂದಿಬ್ಬರು ಚೆನ್ನಾಗಿ ಬೈದರು. ಇನ್ನು ಕೆಲವರು ಎದುರುಮನೆಯ ಪುಕ್ಕಟೆ ಮುಗಿದ ಮೇಲೆ ಖಂಡಿತ ಬರುತ್ತೇವೆ ಎಂದರು. ಬೈದವರೂ ಸಹ ಕೊನೆಯಲ್ಲಿ “ಆಯ್ತು, ಬರ್ತೀನಿ” ಅಂದೇ ಫೋನಿಟ್ಟರು.

ನನಗೂ ಬಂತು ಫೋನು. ಕೈಯಲ್ಲಿ ಕತ್ತರಿ, ಬಾಯಲ್ಲಿ ಗುಂಡುಸೂಜಿ.

“ನಮಸ್ಕಾರ ಮೇಡಂ. ಬರ್ತೀನಿ ಅಂದಿದ್ರಿ.”

ಅದೇ ಜೇನು. ಆದರೆ ಆ ಜೇನಿನ ಕೆಳಗೆ ದನಿ ಸಣ್ಣಗೆ ನಡುಗುತ್ತಿತ್ತು. ಇಷ್ಟು ವರ್ಷ ಕೇಳಿದ ಕಿವಿ, ನನಗೆ ಗೊತ್ತಾಗದೇ? ಗುಂಡುಸೂಜಿ ತೆಗೆದಿಟ್ಟು, “ಬಂದೆ ಮೇಡಂ, ಬಂದೆ” ಅಂದೆ. “ಜೋಗುಳ ಹಾಕಿದ್ರೆ ಮಾತ್ರ ಮಹಡಿ ಹತ್ತಿ ಬಂದು ಜಗಳ ಆಡ್ತೀನಿ.”

ಮೇಲಿನವರು ಬಂದ ದಿನ ಮ್ಯಾನೇಜರ್ ಪರದೆ ಹಚ್ಚಿದ. ಯಂತ್ರ ಹೇಳಿದ್ದರ ಅರ್ಧವೂ ಇರಲಿಲ್ಲ. ಆದರೆ ಹಸಿರಿತ್ತು, ತೆಳ್ಳಗೆ. ನಡೆದದ್ದನ್ನೆಲ್ಲ ಅವನೇ ಬಿಚ್ಚಿ ಹೇಳಿದ. ಬಂದವರಲ್ಲಿ ದೊಡ್ಡ ಹುದ್ದೆಯ ಹೆಂಗಸೊಬ್ಬರು, ಅವರ ಮನೆಮಾತೂ ಕನ್ನಡವೇ, ಮೊದಲು ಗಂಭೀರವಾಗಿ ಕೇಳುತ್ತಿದ್ದವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರಂತೆ. ಆಮೇಲೆ ಅತ್ತಿಗೆಯ ಕಡೆ ತಿರುಗಿದರು.

“ಯಂತ್ರಾನ ಸರಿಮಾಡ್ಬೇಕಲ್ಲಮ್ಮಾ. ಬರ್ತೀನಿ ಅಂದವರನ್ನ ಇನ್ಮೇಲೆ ಎಲ್ಲಿಗೆ ಸೇರಿಸೋಣ? ಹೋದವರಿಗಾ?”

“ಬೇಡ ಮೇಡಂ,” ಅಂದರು ಅತ್ತಿಗೆ. “ಹೋದವರಿಗೂ ಬೇಡ, ಉಳಿದವರಿಗೂ ಬೇಡ. ಪಕ್ಕಕ್ಕಿಡಿ. ಅವರನ್ನ ಇನ್ನೊಂದ್ಸಲ ಕೇಳ್ಬೇಕು.”

“ಕೇಳೋರು ಯಾರು?”

“ಅವರು ಯಾರ ಹತ್ರ ಬರ್ತೀನಿ ಅಂದ್ರೋ ಅವರೇ.”

ಹೀಗೆ ಕನ್ನಡ ವಿಭಾಗ ಉಳಿಯಿತು. ಯಂತ್ರವೂ ಇದೆ, ಅತ್ತಿಗೆಯ ಪಕ್ಕದಲ್ಲೇ ಕೂತು, “ಬರ್ತೀನಿ” ಎಂಬ ಮಾತು ಕೇಳಿದ ಕೂಡಲೇ ಬಾಯಿ ಮುಚ್ಚಿಕೊಂಡು ಅವರ ಕಡೆ ತಳ್ಳುತ್ತದೆ. ನನಗೆ ಈಗ ಜೋಗುಳ ಬರುತ್ತಿಲ್ಲ. ಅದರ ಬದಲು ಭಜನೆ ಶುರುವಾಗಿದೆ, ಯಾಕೋ ಗೊತ್ತಿಲ್ಲ, ಅತ್ತಿಗೆಯ ಕಿತಾಪತಿ ಇರಬೇಕು.

ಮೇಲಿನವರು ಬಂದುಹೋದ ಆ ಸಂಜೆ ಮ್ಯಾನೇಜರ್ ಬೀಗದ ಕೈ ಹಿಡಿದು ನಿಂತಿದ್ದಾಗ ಅತ್ತಿಗೆ ಹೆಡ್‌ಫೋನು ಕಳಚಿ ಮೇಜಿನ ಮೇಲಿಟ್ಟು, ಎಂದಿನಂತೆ “ಬರ್ತೀನಿ” ಅಂದರಂತೆ. ಅಂದಮೇಲೆ ಅವನ ಕೈಯಲ್ಲಿದ್ದ ಬೀಗದ ಕೈಯನ್ನೇ ಒಂದು ಗಳಿಗೆ ನೋಡಿದರಂತೆ.

ಬೆಳಿಗ್ಗೆ ಎದ್ದು ಮತ್ತೆ ಹೋದರು.