ಆರನೇ ಲೇನಿನ ಸ್ಟಾಪ್‌ವಾಚ್

ಈಜು ಬಾರದವನ ಕೈಗೆ ಈಜು ಸ್ಪರ್ಧೆಯ ಸ್ಟಾಪ್‌ವಾಚ್ ಕೊಡಬಾರದು. ಕೊಟ್ಟರು. ಕಳೆದ ಭಾನುವಾರ, ಗೋವಾದ ದಾಬೋಲಿಮ್ ಹತ್ತಿರದ ಒಂದು ಕ್ಲಬ್ಬಿನ ಈಜುಕೊಳದಲ್ಲಿ.

ತಪ್ಪು ಅವರದಲ್ಲ. ಆರು ವರ್ಷದ ನನ್ನ ಮಗಳು ಎರಡು ತಿಂಗಳಿಂದ ಅಲ್ಲಿ ಈಜು ಕಲಿಯುತ್ತಿದ್ದಾಳೆ. (ಅಂದರೆ, ಗೋಡೆ ಹಿಡಿದು ಕಾಲು ಬಡಿಯುತ್ತಿದ್ದಾಳೆ.) ಅಂದು ಶಾಲಾ ಹುಡುಗಿಯರ ಸೆಲೆಕ್ಷನ್ ಇತ್ತು. ಟೈಮ್ ನೋಡುವವರು ಒಬ್ಬರು ಕಡಿಮೆ ಬಿದ್ದರು. ಪೇರೆಂಟ್ಸ್ ಯಾರಾದರೂ ಬರುತ್ತೀರಾ ಎಂದು ಕೋಚ್ ಕೇಳಿದ್ದೇ ತಡ, ನಾನು ಎದ್ದುಬಿಟ್ಟೆ. ಕೊರಳಿಗೆ ಸ್ಟಾಪ್‌ವಾಚ್ ಬಿದ್ದ ಮೇಲೆ ನನ್ನ ನಡಿಗೆಯೇ ಬದಲಾಯಿತು ಎಂದು ಹೆಂಡತಿ ಹೇಳುತ್ತಾಳೆ.

ಕೆಲಸ ಬಹಳ ಸುಲಭ. ಒಂದು ಲೇನಿಗೆ ಒಬ್ಬ. ಸೀಟಿ ಊದಿದಾಗ ಗುಂಡಿ ಒತ್ತಬೇಕು. ನಮ್ಮ ಲೇನಿನ ಹುಡುಗಿ ಆಚೆ ಗೋಡೆ ಮುಟ್ಟಿ ತಿರುಗಿ ಬಂದು ಈಚೆ ಗೋಡೆ ಮುಟ್ಟಿದಾಗ ಇನ್ನೊಮ್ಮೆ ಒತ್ತಬೇಕು. ಮೂವತ್ತನಾಲ್ಕು ಸೆಕೆಂಡಿನೊಳಗೆ ಬಂದವರಿಗೆ ಒಂದು ವರ್ಷ ಪುಕ್ಕಟೆ ಕೋಚಿಂಗ್, ದಿನಾ ಈಜುಕೊಳ. ಬರದವರು ಮನೆಗೆ.

ನನಗೆ ಸಿಕ್ಕಿದ್ದು ಆರನೇ ಲೇನು. ಹುಡುಗಿಯ ಹೆಸರು ಆಫ್ರೀನ್, ಹದಿಮೂರು ವರ್ಷ. ಮಣಿಕಟ್ಟಿನಿಂದ ಪಾದದವರೆಗೆ ಮೈಮುಚ್ಚುವ ಈಜುಡುಗೆ. ಅವಳ ಅಪ್ಪ ದಾವಲಸಾಬ್ ಬಸವನ ಬಾಗೇವಾಡಿ ಕಡೆಯವರು, ಇಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾರೆ. ನಾನು ಧಾರವಾಡದವನು ಎಂದು ಗೊತ್ತಾಗುತ್ತಲೇ ಅವರ ಮುಖ ಅರಳಿತು.

"ಕಲಂಗುಟ್‌ನಾಗ ಒಂದು ಹೋಟೆಲ್‌ಗೆ ನೀರು ಹಾಕತೇನ್ರಿ. ಮಳಿಗಾಲದಾಗ ಗಿರಾಕಿ ಇರೂದಿಲ್ಲ. ಮುಂಜಾನೆ ಒಂದ್ ತಾಸು ಈಕಿನ್ನ ಅವರ ಪೂಲ್‌ನಾಗ ಬಿಡತಾರ. ಅಲ್ಲಿ ಲೈಫ್‌ಗಾರ್ಡ್ ಕಲಿಸ್ಯಾನ್ರಿ."

"ಭಾಳ ಚಲೋ ಆತ್ರಿ," ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಈ ಅಂಕಣ ಇರುತ್ತಿರಲಿಲ್ಲ. "ಭಾಗವಹಿಸೂದ ದೊಡ್ಡದ್ರಿ. ಗೆಲ್ಲೂದು ಸೋಲೂದು ಇದ್ದದ್ದ."

ದಾವಲಸಾಬ್ ನಕ್ಕರು. "ಆಕಿ ಮುಂದ ಹಂಗ ಅನಬ್ಯಾಡ್ರಿ ಸರ್. ಗೆಲ್ಲಾಕ ಬಂದಾಳ."

ಇಲ್ಲಿ ನನ್ನ ಬಗ್ಗೆ ಒಂದೆರಡು ಮಾತು. ಗೋವಾಕ್ಕೆ ಬಂದು ಹತ್ತೊಂಬತ್ತು ವರ್ಷ. ಘಟ್ಟದ ಮೇಲಿಂದ ಬಂದವರನ್ನು ಇಲ್ಲಿ ಘಾಂಟಿ ಎನ್ನುತ್ತಾರೆ. ಘಾಂಟಿಗಳಿಗೆ ನೀರು ಕಂಡರೆ ಭಯ, ಅವರು ಬೀಚಿಗೆ ಬರುವುದು ಪ್ಯಾಂಟು ಮಡಚಿ ಫೋಟೋ ತೆಗೆಸಿಕೊಳ್ಳಲು ಎಂದು ಆಫೀಸಿನಲ್ಲಿ ಹಾಸ್ಯ ಮಾಡುತ್ತಾರೆ. ನನಗೆ ಮೈ ಉರಿಯುತ್ತದೆ. ಒಂದಿಡೀ ಜನರನ್ನು ಹೀಗೆ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಇದೇ ಅಂಕಣದಲ್ಲಿ ಎರಡು ಸಲ ಗುಡುಗಿದ್ದೇನೆ, ನಿಮಗೂ ನೆನಪಿರಬಹುದು. (ಸಮುದ್ರದಲ್ಲಿ ಮೊಣಕಾಲು ದಾಟಿ ನಾನು ಇನ್ನೂ ಹೋಗಿಲ್ಲ. ಫೋಟೋಗಳಿವೆ. ಪ್ಯಾಂಟು ಮಡಚಿದೆ.)

ಸೀಟಿ ಊದಿದರು. ಗುಂಡಿ ಒತ್ತಿದೆ. ಸರಿಯಾಗಿಯೇ ಒತ್ತಿದೆ.

ಆಮೇಲೆ ನಾಲ್ಕನೇ ಲೇನು ನೋಡತೊಡಗಿದೆ. ಅಲ್ಲಿದ್ದದ್ದು ನನ್ನ ಮಗಳ ಕ್ಲಬ್ಬಿನ ಎತ್ತರದ ಹುಡುಗಿ, ಊರಿಗೆಲ್ಲ ಗೊತ್ತಿರುವ ಫೇವರಿಟ್. ನನ್ನ ಲೇನಿನವಳು ಬರಲು ಹೇಗೂ ಟೈಮ್ ಇದೆಯಲ್ಲ? ಟ್ಯಾಂಕರ್ ಡ್ರೈವರನ ಮಗಳು, ಬಾಗೇವಾಡಿಯವಳು, ಅದೂ ಮೈತುಂಬ ಬಟ್ಟೆ. ನಿಮಿಷವಾದರೂ ಬೇಕು. ಇದನ್ನೆಲ್ಲ ನಾನು ಕೂತು ಯೋಚಿಸಲಿಲ್ಲ. ಯೋಚಿಸುವ ಅಗತ್ಯವೇ ಬೀಳಲಿಲ್ಲ, ನಾಚಿಕೆಯಾಗುವುದು ಅದಕ್ಕೇ. ನಾಲ್ಕನೇ ಲೇನಿನವಳು ಗೋಡೆ ಮುಟ್ಟಿದಾಗ ಚಪ್ಪಾಳೆ ಬೇರೆ ತಟ್ಟಿದೆ.

ಕೆಳಗೆ ನೋಡಿದೆ. ನನ್ನ ಕಾಲ ಬುಡದಲ್ಲೇ ಗೋಡೆಯ ಮೇಲೆ ಒಂದು ಕೈ. ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

"ಯಾವಾಗ ಬಂದಿ?" ಎಂದು ಕೇಳಿದೆ. (ಟೈಮ್ ನೋಡುವವನು ಕೇಳುವ ಪ್ರಶ್ನೆಯೇ ಇದು?)

"ಆಗಳೇ ಬಂದೆನ್ರಿ," ಎಂದಳು, ಏದುಸಿರು ಬಿಡುತ್ತ.

ಗುಂಡಿ ಒತ್ತಿದೆ. ಮೂವತ್ತೇಳು ಚಿಲ್ಲರೆ.

ಕಟ್ಟೆಯ ಮೇಲಿನಿಂದ ದಾವಲಸಾಬ್ ಓಡಿ ಬಂದರು. ಅವರ ಮೊಬೈಲಿನಲ್ಲಿ ಮೂವತ್ತಮೂರು ಪಾಯಿಂಟ್ ಆರು. ಅಪ್ಪನ ಮೊಬೈಲು ಲೆಕ್ಕಕ್ಕಿಲ್ಲ, ಚೀಟಿಯಲ್ಲಿ ಬರೆದದ್ದೇ ಟೈಮ್ ಎಂದರು ರೆಫ್ರಿ, ಬಿಳಿ ಟೋಪಿಯ ಹಿರಿಯ ಮೇಡಂ. ಚೀಟಿ ನನ್ನ ಕೈಯಲ್ಲಿ. ಪೆನ್ನೂ ನನ್ನ ಕೈಯಲ್ಲಿ.

ತಕ್ಷಣ ತಪ್ಪೊಪ್ಪಿಕೊಂಡೆ ಎಂದು ಬರೆಯುವ ಆಸೆಯಿದೆ. ಆದರೆ ನಾಲ್ಕೈದು ನಿಮಿಷ ಹಿಡಿಯಿತು. ಮೂವತ್ತೇಳು ಎಂದು ಬರೆದುಕೊಟ್ಟರೆ ಯಾರೂ ಅನುಮಾನಪಡುತ್ತಿರಲಿಲ್ಲ. ಇಂಥ ಹುಡುಗಿ ಮೂವತ್ತೇಳರಲ್ಲಿ ಬಂದದ್ದೇ ದೊಡ್ಡದು ಎನ್ನುತ್ತಿದ್ದರು. ಅದು ಹೊಳೆದಾಗ ನಿಜಕ್ಕೂ ಹೆದರಿಕೆಯಾಯಿತು. ನನ್ನ ಸುಳ್ಳನ್ನು ನಂಬಲು ಇಡೀ ಈಜುಕೊಳವೇ ತಯಾರಿತ್ತು.

ಮೇಡಂ ಹತ್ತಿರ ಹೋಗಿ ನಾನು ನೋಡುತ್ತಿರಲಿಲ್ಲ ಎಂದೆ. ಅವರು ಏನೂ ಬೈಯಲಿಲ್ಲ, ಸ್ಟಾಪ್‌ವಾಚಿಗಾಗಿ ಕೈಚಾಚಿದರು ಅಷ್ಟೆ. ಅರ್ಧ ತಾಸು ಬಿಟ್ಟು ಒಬ್ಬಳೇ ಇನ್ನೊಮ್ಮೆ ಈಜಲಿ, ಬೇರೆ ದಾರಿಯಿಲ್ಲ ಎಂದರು.

ಈಜಿದಳು. ಅಕ್ಕಪಕ್ಕ ಯಾರೂ ಇಲ್ಲ, ಪೈಪೋಟಿ ಇಲ್ಲ, ಕೈಕಾಲಿನಲ್ಲಿ ಮೊದಲಿನ ಸುಸ್ತು. ಈ ಸಲ ಮೂವರು ಟೈಮ್ ನೋಡಿದರು. ನಾನು ಕಟ್ಟೆಯ ಮೇಲೆ ದಾವಲಸಾಬರ ಪಕ್ಕ ಕೂತು, ಗೊತ್ತಿದ್ದ, ಗೊತ್ತಿಲ್ಲದ ದೇವರನ್ನೆಲ್ಲ ಕರೆದೆ.

ಮೂವತ್ತನಾಲ್ಕು ಪಾಯಿಂಟ್ ಎರಡು. ಅಂದರೆ, ಮನೆಗೆ.

ತಾನು ಕಳ್ಳ, ಪರರ ನಂಬ ಎನ್ನುತ್ತಾರೆ. ತನಗೆ ಈಜು ಬಾರದವನು ತನ್ನ ಕಡೆಯವರ್‍ಯಾರಿಗೂ ಬಾರದು ಎಂದುಕೊಂಡ. ಅವಳನ್ನು ಘಾಂಟಿ ಎಂದು ಬದಿಗೆ ತಳ್ಳಿದ್ದು ಗೋವಾದವರಲ್ಲ. ಅವಳ ಜೊತೆ ಕನ್ನಡ ಮಾತಾಡಿದ ಒಬ್ಬನೇ ಒಬ್ಬ ಅಧಿಕಾರಿ.

ಗೇಟಿನ ಹತ್ತಿರ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸರ್, ಆಗತೈತಿ," ಎಂದರು ದಾವಲಸಾಬ್. ಅವರು ನಾಲ್ಕು ಬೈದಿದ್ದರೆ ಅಂದು ರಾತ್ರಿ ಊಟ ಸೇರುತ್ತಿತ್ತು.

ಆಫ್ರೀನ್ ಮಾತ್ರ ಬಿಡಲಿಲ್ಲ. ಒದ್ದೆ ಕೂದಲು ಹಿಂಡುತ್ತ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಖರೇನೇ ತಿಳಿದುಕೊಳ್ಳಬೇಕು ಅನ್ನುವ ಹಾಗಿತ್ತು.

"ಅಂಕಲ್, ನಾ ಬರಾಕ ಎಷ್ಟೊತ್ತು ಆಗತೈತಿ ಅಂತ ತಿಳಕೊಂಡಿದ್ರಿ?"