ರಾಜನಿಗೆ ಎತ್ತದ ಎರಡು ಗ್ಲಾಸುಗಳು

ಒಮಾನಿನ ಖುರುಮ್‌ನಲ್ಲಿದ್ದ ಆಫೀಸಿನಲ್ಲಿ ನನ್ನ ಮೇಜು ಸ್ಪೇನ್ ದೇಶದ ಇಬ್ಬರ ನಡುವೆ ಇತ್ತು. ಎಡಕ್ಕೆ ಬಾರ್ಸಿಲೋನಾದವಳು, ಬಲಕ್ಕೆ ಮ್ಯಾಡ್ರಿಡ್‌ನವನು. ಇಬ್ಬರೂ ಬಂದರು ಕಟ್ಟುವ ಇಂಜಿನಿಯರುಗಳು. ನಾನು ಉಡುಪಿ ಕಡೆಯವಳು. ಯಾವ ಕೆಲಸ ಯಾವಾಗ ಮುಗಿಯಬೇಕೆಂದು ಯೋಜನೆ ಹಾಕುವುದು ನನ್ನ ಹೊಣೆ. ಆದರೆ ಆ ವರ್ಷ ನಾನು ಹೆಚ್ಚಾಗಿ ಮಾಡಿದ್ದು ಅವರಿಬ್ಬರ ಮಾತು ದಾಟಿಸುವ ಕೆಲಸ. “ನಕ್ಷೆ ಯಾವಾಗ ಕೊಡ್ತಾಳೆ ಕೇಳು” ಎಂದು ಅವನು ನನಗೆ ಹೇಳುತ್ತಿದ್ದ. ಪಕ್ಕದಲ್ಲೇ ಕೂತಿದ್ದ ಅವಳು, “ನಾಳೆ ಅಂತ ಹೇಳು” ಎನ್ನುತ್ತಿದ್ದಳು.

ಜಗಳ ಅವರ ಊರಿನಿಂದ ಬಂದದ್ದು. ಅವರ ದೇಶದಲ್ಲಿ ರಾಜನಿದ್ದಾನೆ, ಆಳುವುದು ಮಾತ್ರ ಜನ ಆರಿಸಿದ ಸರ್ಕಾರ. ಅವಳ ಪ್ರಾಂತ್ಯಕ್ಕೆ ತನ್ನದೇ ಭಾಷೆಯಿದೆ. ತಾವು ಬೇರೆ ದೇಶವಾಗಬೇಕು ಎಂದು ಅಲ್ಲಿನ ಬಹಳ ಜನ ಮತ ಹಾಕಿದಾಗ, ಅದು ಕಾನೂನಿಗೆ ವಿರುದ್ಧವೆಂದು ಪೊಲೀಸರು ಬಂದಿದ್ದರು. ಅವಳ ತಂದೆಯೂ ಮತ ಹಾಕುವವರ ಸಾಲಿನಲ್ಲಿ ನಿಂತಿದ್ದರಂತೆ. ಒಂದು ದಿನ ಚಹಾ ಕುಡಿಯುವಾಗ ಇವನು, “ದೇಶ ಒಡೆಯೋರು” ಎಂದುಬಿಟ್ಟ. ಅಂದಿನಿಂದ ಮಾತಿಲ್ಲ.

ಅವರ ರಾಷ್ಟ್ರೀಯ ದಿನಕ್ಕೆ ಮ್ಯಾನೇಜರು ಹೋಟೆಲಿನಲ್ಲಿ ಊಟ ಇಟ್ಟಿದ್ದರು. ಅವರೂ ಸ್ಪೇನಿನವರೇ, ರಾಜನೆಂದರೆ ಭಕ್ತಿ. ಊಟಕ್ಕೆ ಮೊದಲು ಎದ್ದು ನಿಂತು, “ನಮ್ಮ ದೊರೆಗೆ” ಎಂದು ಗ್ಲಾಸು ಎತ್ತಿದರು. ಎಲ್ಲರೂ ಎದ್ದೆವು. ಅವಳು ಏಳಲಿಲ್ಲ. ಅದನ್ನು ನಾನು ನಿರೀಕ್ಷಿಸಿದ್ದೆ. ಆಮೇಲೆ ನೋಡಿದರೆ ಇವನೂ ಎದ್ದಿರಲಿಲ್ಲ. ಅವರಿಬ್ಬರೂ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು.

ಹೊರಗೆ ಲಿಫ್ಟಿಗೆ ಕಾಯುವಾಗ, ಯಾಕೆ ಏಳಲಿಲ್ಲವೆಂದು ಇಬ್ಬರನ್ನೂ ಕೇಳಿದೆ.

“ನಮ್ಮಜ್ಜ ಗಣರಾಜ್ಯ ಬೇಕು ಅಂತ ಜೈಲಿಗೆ ಹೋದವರು” ಎಂದ ಅವನು. “ಹುಟ್ಟಿದ ಮಾತ್ರಕ್ಕೆ ಯಾರೂ ದೊರೆ ಆಗಬಾರದು. ಆದರೆ ದೇಶ ಒಂದೇ ಇರಬೇಕು.”

“ನಂಗೆ ಆ ರಾಜನ ಮೇಲೆ ಸಿಟ್ಟೇನಿಲ್ಲ” ಎಂದಳು ಅವಳು. “ಅವನು ನಮ್ಮ ರಾಜ ಅಲ್ಲ, ಅಷ್ಟೆ.”

ರಾಜ ಬೇಡವೆನ್ನುವುದೂ ದೇಶ ಬೇಡವೆನ್ನುವುದೂ ಒಂದೇ ಅಲ್ಲವೆಂದು ನನಗೆ ತಿಳಿದದ್ದು ಅಲ್ಲಿ, ಲಿಫ್ಟಿನ ಬಾಗಿಲಲ್ಲಿ.

ಮ್ಯಾನೇಜರಿಗೆ ಈ ವ್ಯತ್ಯಾಸ ಬೇಕಿರಲಿಲ್ಲ. ಮರುದಿನ ನನ್ನನ್ನು ಕರೆದು, ಸೂರ್ ಪಟ್ಟಣದ ಹಡಗುಕಟ್ಟೆಯ ಕೆಲಸದಿಂದ ಇಬ್ಬರನ್ನೂ ತೆಗೆಯುತ್ತೇನೆ, ಬೇರೆಯವರನ್ನು ಹಾಕಿ ಯೋಜನೆ ಬದಲಿಸು ಎಂದರು.

“ಬದಲಿಸೋದಿಲ್ಲ ಸರ್” ಎಂದೆ. “ನಮ್ಮ ರಾಷ್ಟ್ರಗೀತೆಗೆ ಯಾರಾದರೂ ಕೂತೇ ಇದ್ದರೆ ನನಗೂ ಬೇಜಾರಾಗ್ತದೆ. ಆದರೆ ಕೂತಿದ್ದಕ್ಕೆ ಅವರ ಲೆಕ್ಕಾಚಾರ ತಪ್ಪಾಗೋದಿಲ್ಲ. ಆ ಸಮುದ್ರ ಗೊತ್ತಿರೋದು ಅವರಿಬ್ಬರಿಗೇ.”

ಅವರು ಯೋಜನೆಯ ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. “ಹಾಗಾದ್ರೆ ನೀನೂ ಜೊತೆಗೆ ಹೋಗು. ಏನಾದ್ರೂ ಆದರೆ ನಿನ್ನನ್ನೇ ಕೇಳ್ತೇನೆ” ಎಂದರು. ಒಪ್ಪಿಕೊಂಡೆ.

ಸೂರ್‌ಗೆ ಹೊರಟ ಕಾರು ನಮ್ಮ ಒಮಾನಿ ಸಹೋದ್ಯೋಗಿಯದು. ಅವನ ಊರೇ ಸೂರ್. ಬೆಟ್ಟಗಳು ಮುಗಿದು ಕಡಲು ಕಂಡಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

“ನಿನಗೂ ಬೇರೆ ಭಾಷೆ ಇದೆ ಅಂದಿದ್ದೆ. ನಿಮಗೆ ಬೇರೆ ದೇಶ ಬೇಡ್ವಾ?”

“ಬೇಡ. ಬೇರೆ ರಾಜ್ಯ ಬೇಕು ಅನ್ನೋರು ನಮ್ಮಲ್ಲೂ ಇದ್ದಾರೆ. ನನಗೆ ಅದೂ ಬೇಡ. ತುಳು ಸಂವಿಧಾನದ ಪಟ್ಟಿಗೆ ಸೇರಬೇಕು, ಮಕ್ಕಳು ಶಾಲೇಲಿ ಕಲೀಬೇಕು. ಅಷ್ಟು ಸಾಕು.”

“ನಾವೂ ಶಾಲೆಯಿಂದಲೇ ಶುರು ಮಾಡಿದ್ದು” ಎಂದಳು.

ಮುಂದಿನ ಸೀಟಿನಿಂದ ಅವನು ಹಿಂದಕ್ಕೆ ತಿರುಗದೆಯೇ ಮಾತಾಡಿದ. ಮಾತು ಈ ಸಲ ನೇರ ಅವಳಿಗೇ. “ನನ್ನ ಅಮ್ಮ ನಿನ್ನ ಊರಲ್ಲಿದ್ದಾರೆ. ಅಕ್ಕನ ಮನೇಲಿ. ನಾಳೆ ನಿಮ್ಮದು ಬೇರೆ ದೇಶ ಆದ್ರೆ, ಅಮ್ಮನನ್ನ ನೋಡೋಕೆ ನಾನು ಪಾಸ್‌ಪೋರ್ಟ್ ತೋರಿಸಬೇಕಾ?”

ಅವಳಿಗೆ ಇದು ಗೊತ್ತಿರಲಿಲ್ಲ. “ಯಾವ ಬೀದಿ?” ಎಂದು ಕೇಳಿದಳು. ಅವನು ಹೇಳಿದ. “ನಮ್ಮ ಮನೆಯಿಂದ ನಡೆದು ಹೋಗಬಹುದು” ಎಂದಳು. ಆಮೇಲೆ, “ಪಾಸ್‌ಪೋರ್ಟ್ ಕೇಳೋ ದೇಶ ನನಗೂ ಬೇಡ. ಆದರೆ ಅಪ್ಪನಿಗೆ ಲಾಠಿ ತೋರಿಸಿದ ದೇಶವೂ ಬೇಡ” ಎಂದಳು.

ಒಮಾನಿ ಗೆಳೆಯ ವೇಗ ಇಳಿಸಿ, “ಖಲಾಸ್, ಸಾಕು. ನನ್ನ ಊರು ಬಂತು, ಮೊದಲು ಮೀನು ತಿನ್ನೋಣ” ಎಂದ. ಎಲ್ಲರಿಗೂ ನಗು ಬಂತು.

ಅಂದು ಹಡಗುಕಟ್ಟೆಯ ತುದಿಯಲ್ಲಿ ಇಬ್ಬರೂ ಒಂದೇ ನಕ್ಷೆ ಹಿಡಿದು ಗಾಳಿಗೆ ಬೆನ್ನು ಕೊಟ್ಟು ಸ್ಪೇನಿನ ಭಾಷೆಯಲ್ಲಿ ಜೋರಾಗಿ ವಾದಿಸಿದರು. ಹಿಂದಿನ ವಿಷಯವೇ ಇರಬೇಕೆಂದು ಹೆದರಿ ಹತ್ತಿರ ಹೋದೆ. ವಾದ ಅಲೆಗಳ ಎತ್ತರದ ಬಗ್ಗೆ. ಕೆಲಸ ಹೇಳಿದ ಕಾಲಕ್ಕೆ ಮುಗಿಯಿತು. ಮ್ಯಾನೇಜರು ಮತ್ತೆ ಆ ಊಟದ ಮಾತೆತ್ತಲಿಲ್ಲ. ಆ ಬೇಸಿಗೆ ರಜೆಗೆ ಹೋದವಳು ಅವನ ಅಮ್ಮನಿಗೆ ಇಲ್ಲಿನ ಖರ್ಜೂರ ಒಯ್ದು ಕೊಟ್ಟಳು. ದೇಶದ ವಿಷಯದಲ್ಲಿ ಇಬ್ಬರೂ ಒಂದಿಂಚೂ ಕದಲಲಿಲ್ಲ.

ಈಚೆಗೆ ಇಲ್ಲಿನ ದಾರ್ಸೈಟ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ತುಳುವರೆಲ್ಲ ಸೇರಿದ್ದೆವು. ಪಕ್ಕದ ಮನೆಯ ಮೈಸೂರಿನವರು ಕಾಫಿಗೆ ಬಂದವರು ತಮಾಷೆಗೇ ಕೇಳಿದರು: “ಏನ್ರೀ ಮೇಡಂ, ತುಳು ತುಳು ಅಂತೀರ. ಕರ್ನಾಟಕ ಬಿಟ್ಟು ಹೋಗೋ ಪ್ಲಾನಾ?”

“ಹೋಗುದು ಎಂತಕ್ಕೆ ಮಾರಾಯ್ರೆ?” ಎಂದೆ. “ಕನ್ನಡ ನಂದೂ ಹೌದಲ್ಲ. ಆದ್ರೆ ನಾವು ತುಳುಗೆ ಜಾಗ ಕೇಳಿದ ಕೂಡ್ಲೆ ಬಿಟ್ಟು ಹೋಗ್ತೇವೆ ಅಂತ ನೀವು ಹೆದರುದು ಬೇಡ. ಹಾಗೆ ಹೆದರಿ ಹೆದರಿಯೇ ಜನ ದೂರ ಆಗುದು.”

ಅವರು ಲೋಟ ಕೆಳಗಿಟ್ಟರು. ನಗು ಹೋಗಿತ್ತು, ಆದರೆ ಬೇಸರವೂ ಇರಲಿಲ್ಲ. “ಸರಿ, ಕೂತ್ಕೊಳಿ ಅನ್ನೋಕೆ ತುಳೂಲಿ ಏನಂತಾರೆ, ಅದನ್ನಾದ್ರೂ ಹೇಳ್ಕೊಡಿ” ಎಂದರು.

“ಕುಳ್ಳುಲೆ” ಎಂದೆ. ಅವರು ಎರಡು ಸಲ ತಪ್ಪಾಗಿ ಹೇಳಿ, ಮೂರನೆಯ ಸಲ ಸರಿಯಾಗಿ ಹೇಳಿದರು.